ಹಗೇವು ದಿಣ್ಣೆಯಲ್ಲಿ, ಬೇಸ್‌ಮೆಂಟು ಗದ್ದೆಯಲ್ಲಿ

ವೈಟ್‌ಫೀಲ್ಡ್‌ನಲ್ಲೋ, ಸರ್ಜಾಪುರ ರಸ್ತೆಯಲ್ಲೋ, ಎಲೆಕ್ಟ್ರಾನಿಕ್ ಸಿಟಿಯಲ್ಲೋ ಫ್ಲ್ಯಾಟ್ ಕೊಂಡವರ ಮನೆಯಲ್ಲಿ ಒಂದು ದಪ್ಪ ಫೈಲ್ ಇದ್ದೇ ಇರುತ್ತದೆ. ಮದರ್ ಡೀಡ್, ಇಸಿ, ಕನ್ವರ್ಷನ್ ಆರ್ಡರ್, ಖಾತಾ, ಪ್ಲ್ಯಾನು. ಬ್ಯಾಂಕಿನ ವಕೀಲರು ಅದನ್ನೆಲ್ಲ ತಿರುವಿ ಹಾಕಿ "ಟೈಟಲ್ ಕ್ಲಿಯರ್" ಅಂತ ಬರೆದುಕೊಟ್ಟ ಮೇಲೆ ಆ ಫೈಲ್ ಬೀರುವಿನ ಮೇಲಿನ ಖಾನೆಗೆ ಹೋಗುತ್ತದೆ, ಮತ್ತೆ ಕೆಳಗಿಳಿಯುವುದಿಲ್ಲ. ಒಂದು ಭಾನುವಾರ ನನ್ನದನ್ನು ಇಳಿಸಿ ನೋಡಿದೆ. ತಳದಲ್ಲಿ ಹಳೆಯ ಕೈಬರಹದ ಪಹಣಿಯೊಂದರ ಜೆರಾಕ್ಸ್ ಇತ್ತು, ಜೆರಾಕ್ಸಿನ ಜೆರಾಕ್ಸು. ಅಕ್ಷರ ಮಸುಕು. ಆದರೆ ಜಮೀನಿನ ವಿಧ ಅನ್ನುವ ಕಡೆ ಎರಡೇ ಅಕ್ಷರದ ಪದವೊಂದು ಚೆನ್ನಾಗೇ ಕಾಣುತ್ತಿತ್ತು: ತರಿ.

ಹಳ್ಳಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಕಂದಾಯ ದಾಖಲೆಯಲ್ಲಿ ಜಮೀನು ಮೂರು ಥರ. ಮಳೆ ನಂಬಿದ ಹೊಲ ಖುಷ್ಕಿ. ಕೆರೆ, ಕಾಲುವೆ ನೀರಿನ ಗದ್ದೆ ತರಿ. ತೆಂಗು, ಅಡಿಕೆ, ಹೂವಿನ ತೋಟ ಬಾಗಾಯ್ತು. ಪದಗಳು ಪಾರ್ಸಿಯವು, ಖುಷ್ಕ್ ಅಂದರೆ ಒಣ, ತರ್ ಅಂದರೆ ಒದ್ದೆ. ಮೈಸೂರು ಸಂಸ್ಥಾನದಲ್ಲಿ ರೆವಿನ್ಯೂ ಸರ್ವೆ 1863ರಲ್ಲಿ ಶುರುವಾಯಿತು. ಸರ್ವೆಯವರು ಊರೂರು ಸುತ್ತಿ, ಒಂದೊಂದು ಸರ್ವೆ ನಂಬರಿಗೂ ಈ ಮೂರರಲ್ಲಿ ಒಂದು ಹಣೆಪಟ್ಟಿ ಅಂಟಿಸಿದರು. ಉದ್ದೇಶ ತೆರಿಗೆ. ತರಿಗೆ ಹೆಚ್ಚು ಕಂದಾಯ, ಖುಷ್ಕಿಗೆ ಕಡಿಮೆ. ಹಾಗಾಗಿ ರೈತ ತನ್ನ ಜಮೀನು ಒಣಭೂಮಿ ಅಂತ ವಾದಿಸುತ್ತಿದ್ದ, ಸರ್ಕಾರ ಒದ್ದೆ ಅಂತ ಸಾಧಿಸುತ್ತಿತ್ತು. ಇಂಥ ಜಗ್ಗಾಟದ ನಡುವೆಯೂ ತರಿ ಅಂತಲೇ ದಾಖಲಾಗಿದೆ ಎಂದರೆ ಆ ನೆಲ ಎಷ್ಟು ಒದ್ದೆ ಇದ್ದಿರಬೇಕು ಯೋಚಿಸಿ.

ಕೆರೆ ಏರಿಯ ಕೆಳಗಿನ ಗದ್ದೆ ತೂಬಿನಿಂದ ಬಿಟ್ಟ ನೀರಿಗೆ ಮಾತ್ರ ಒದ್ದೆಯಾಗುವುದಲ್ಲ. ಕೆರೆ ತುಂಬಿದ್ದಾಗ ಏರಿಯ ಅಡಿಯಿಂದ, ಕೆರೆಯಂಗಳದ ತಳದಿಂದ ನೀರು ನಿಧಾನವಾಗಿ ಇಳಿದು ಕೆಳಗಿನ ತಗ್ಗಿನಲ್ಲಿ ಮೇಲೇಳುತ್ತದೆ. ಬೆಂಗಳೂರು-ಕೋಲಾರದ ಕಡೆ ಇದಕ್ಕೆ ಊಟೆ ಅನ್ನುತ್ತಾರೆ, ಬೇರೆ ಕಡೆ ಒರತೆ. ಮಳೆ ನಿಂತು ಎರಡು ತಿಂಗಳಾದರೂ ಊಟೆ ನಿಲ್ಲದಿರಬಹುದು. ನಮ್ಮ ಕಾಂಪೌಂಡಿನ ಹಿಂದೆ ಎಮ್ಮೆ ಮೇಯಿಸಲು ಬರುವ ತಾತ ಒಬ್ಬರಿದ್ದಾರೆ. ಅವರ ಮಾತು: "ಇದೆಲ್ಲಾ ಗದ್ದೆ ಕಣಪ್ಪಾ. ಚಳಿಗಾಲ ಮುಗುದ್ರೂ ಎತ್ತು ಮೊಣಕಾಲುದ್ದ ಹೂತ್ಕೊಳ್ಳೋದು. ಇಲ್ಲಿ ಮನೆ ಕಟ್ಟೋ ಯೋಚ್ನೆ ಯಾವನು ಮಾಡ್ತಿದ್ದ?"

ಹಾಗಾದರೆ ಮನೆಗಳನ್ನು ಎಲ್ಲಿ ಕಟ್ಟುತ್ತಿದ್ದರು? ದಿಣ್ಣೆಯಲ್ಲಿ. ನಮ್ಮ ಸುತ್ತಮುತ್ತಲಿನ ಯಾವ ಹಳೇ ಊರಿಗಾದರೂ ಹೋಗಿ ನೋಡಿ. ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಗ್ರಾಮಠಾಣ, ಅಂದರೆ ಅರಳಿಕಟ್ಟೆ, ಮಾರಮ್ಮನ ಗುಡಿ, ಜಗಲಿ ಮನೆಗಳಿರುವ ಹಳೆಯ ಬೀದಿ, ಸುತ್ತಲಿನ ಜಾಗಕ್ಕಿಂತ ನಾಲ್ಕಡಿಯಾದರೂ ಎತ್ತರದಲ್ಲಿರುತ್ತದೆ. ಇದಕ್ಕೆ ಕಾರಣ ನೂರಾರಿರಬಹುದು. ನನಗೆ ಬಹಳ ಹಿಡಿಸಿದ ಕಾರಣ ಹಗೇವು.

ಹಗೇವು ಅಂದರೆ ನೆಲದೊಳಗಿನ ಕಣಜ. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಗೆ ಹುಳ ಹತ್ತುವುದು ಕಡಿಮೆ, ಗಾಳಿಯಾಡದ ಕಡೆ ವರ್ಷಗಟ್ಟಲೆ ಕೆಡುವುದಿಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಹಗೇವುಗಳ ಬಗ್ಗೆ ಬರೆದಿದ್ದಾನೆ. ಬರಗಾಲಕ್ಕೆ ಊರಿನ ವಿಮೆ ಅದು. ಆದರೆ ಹಗೇವಿಗೆ ಶತ್ರು ಒಂದೇ, ನೆಲದಡಿಯಿಂದ ಏರುವ ನೀರು. ಒಂದು ಸಲ ತಳ ಜಿನುಗಿತು ಅಂದರೆ ಎರಡು ವರ್ಷದ ರಾಗಿ ಮುಗ್ಗು. ಮಳೆ ನೀರನ್ನಾದರೆ ಬದು ಹಾಕಿ ತಿರುಗಿಸಬಹುದು, ತಳದಿಂದ ಬರುವ ನೀರಿಗೆ ಬದುವಿಲ್ಲ. ಹಾಗಾಗಿ ಹಗೇವು ತೋಡುವವನು ಆ ನೆಲದಲ್ಲಿ ಅತಿ ಹೆಚ್ಚು ಮಳೆಯಾದ ವರ್ಷವೂ ನೀರು ಎಷ್ಟು ಆಳದಲ್ಲಿ ನಿಲ್ಲುತ್ತದೆ ಅಂತ ತಿಳಿದಿರಲೇಬೇಕಿತ್ತು. ಇದನ್ನು ಅವನಿಗೆ ಯಾರೂ ರಿಪೋರ್ಟ್ ಬರೆದು ಕೊಟ್ಟಿರಲಿಲ್ಲ. ಪಕ್ಕದ ಸೇದುವ ಬಾವಿ ಇತ್ತಲ್ಲ, ಅದರ ಹಗ್ಗವೇ ಅಳತೆಗೋಲು.

ಈಗ ನಮ್ಮ ಬೇಸ್‌ಮೆಂಟ್ ನೋಡಿ. ಅದೂ ನೆಲದೊಳಗಿನ ಗುಂಡಿಯೇ. ರಾಗಿ ಬದಲು ಕಾರು, ಜನರೇಟರು, ಕರೆಂಟಿನ ಪ್ಯಾನಲ್ಲು, ಲಿಫ್ಟಿನ ಗುಂಡಿ, ಕುಡಿಯುವ ನೀರಿನ ಸಂಪು. ಕಟ್ಟಿದ್ದು ತರಿಯಲ್ಲಿ. ನಮ್ಮ ಬೇಸ್‌ಮೆಂಟಿನ ಮೂಲೆಯಲ್ಲಿ ಒಂದು ಸಣ್ಣ ಪಂಪ್ ಜನವರಿಯಲ್ಲೂ ಗುರ್ ಅನ್ನುತ್ತಿರುತ್ತದೆ. ಸೆಕ್ಯುರಿಟಿಯವರನ್ನು ಕೇಳಿದರೆ "ಲೀಕೇಜ್ ಸಾರ್" ಅಂತಾರೆ. ಅವರು ಲೀಕೇಜ್ ಅನ್ನುವುದಕ್ಕೆ ತಾತನ ಭಾಷೆಯಲ್ಲಿ ಊಟೆ ಅಂತ ಹೆಸರು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಬರಬೇಕು. 2024ರ ಮಾರ್ಚ್‌ನಲ್ಲಿ ಇದೇ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಿತ್ತಲ್ಲ? ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ವೈಟ್‌ಫೀಲ್ಡ್ ಕಡೆಯಂತೂ ಟ್ಯಾಂಕರ್ ಬಂದರೆ ಹಬ್ಬ. ಸಾವಿರ ಅಡಿ ಕೊರೆದರೂ ಧೂಳು ಏಳುವ ನೆಲದಲ್ಲಿ ಹನ್ನೆರಡು ಅಡಿಯ ಬೇಸ್‌ಮೆಂಟಿಗೆ ನೀರು ಎಲ್ಲಿಂದ ಬಂತು?

ಉತ್ತರ ನೆಲದ ಪದರದಲ್ಲಿದೆ. ನಮ್ಮದು ಗಟ್ಟಿಶಿಲೆಯ ಸೀಮೆ. ಮೇಲೆ ಮಣ್ಣು, ಅದರ ಕೆಳಗೆ ಬಂಡೆಯೇ ಸವೆದು ಪುಡಿಯಾದ ಗರಸು-ಮೊರಂ ಪದರ, ಅದರ ಕೆಳಗೆ ಇಡೀ ಬಂಡೆ. ಗರಸಿನ ಪದರ ಸ್ಪಂಜಿನಂತೆ. ಮಳೆ ಬಂದರೆ ಬೇಗ ತುಂಬುತ್ತದೆ, ತುಂಬಿದರೆ ಬೇಗ ಮೇಲೆ ಉಕ್ಕುತ್ತದೆ. ಹಳೆಯ ತೆರೆದ ಬಾವಿಗಳು ಕುಡಿದದ್ದು ಈ ನೀರನ್ನು. ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಅಲ್ಲಿಗೆ ಇಳಿಯಲು ವರ್ಷಗಳೇ ಬೇಕು. ಬೋರ್‌ವೆಲ್ ಕೊರೆಯುವವರು ಮೇಲಿನ ಸಡಿಲ ಪದರ ಕುಸಿಯದಿರಲಿ ಅಂತ ಬಂಡೆ ಸಿಗುವವರೆಗೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಅಂದರೆ ಮೇಲಿನ ನೀರಿಗೂ ಬೋರಿಗೂ ಸಂಬಂಧವನ್ನೇ ಕಡಿದು ಹಾಕಿ ಕೆಳಗಿನ ಬಿರುಕಿನ ನೀರನ್ನು ಎಳೆಯುತ್ತಾರೆ. ಹೀಗಾಗಿ ಒಂದೇ ಅಪಾರ್ಟ್‌ಮೆಂಟಿನಲ್ಲಿ ಬೋರು ಒಣಗಿರುವುದು, ಬೇಸ್‌ಮೆಂಟು ಜಿನುಗುವುದು ಎರಡೂ ಒಟ್ಟಿಗೆ ಸಾಧ್ಯ. ಸಾಲದ್ದಕ್ಕೆ ನೂರು ಕಿಲೋಮೀಟರ್ ದೂರದಿಂದ ತಂದ ಕಾವೇರಿ ನೀರು ಪೈಪುಗಳಿಂದ ಸೋರಿ, ಚರಂಡಿ ನೀರು ಇಂಗಿ ಈ ಮೇಲ್ಪದರಕ್ಕೇ ಸೇರುತ್ತದೆ. ಮೊದಲು ಅದನ್ನು ಸೇದಿ ಖಾಲಿ ಮಾಡಲು ಊರ ತುಂಬ ಬಾವಿಗಳಿದ್ದವು. ಆ ಬಾವಿಗಳನ್ನು ಮುಚ್ಚಿ ಸೈಟು ಮಾಡಿದ್ದೇವೆ. ಗಾರ್ವೇಬಾವಿಪಾಳ್ಯದ ಹೆಸರಲ್ಲಿ ಬಾವಿ ಉಳಿದಿದೆ.

ಹೆಸರು ಅಂದಾಗ ಇನ್ನೊಂದು ಮಾತು. ಎಲೆಕ್ಟ್ರಾನಿಕ್ ಸಿಟಿಯ ದಾರಿಯಲ್ಲಿ ಸಿಂಗಸಂದ್ರ, ಆಚೆ ಬೊಮ್ಮಸಂದ್ರ. ಪೀಣ್ಯದ ಮಗ್ಗುಲಲ್ಲಿ ನಾಗಸಂದ್ರ, ಚೊಕ್ಕಸಂದ್ರ. ಈ ಸಂದ್ರ ಅಂದರೆ ಸಮುದ್ರ. ದೊಡ್ಡ ಕೆರೆ ಕಟ್ಟಿಸಿದವರು ಅದನ್ನು ಸಮುದ್ರ ಅಂತ ಕರೆದು ಹೆಮ್ಮೆಪಡುತ್ತಿದ್ದ ಕಾಲದ ಹೆಸರುಗಳು. ದಿನಾ ಮೆಟ್ರೋದಲ್ಲಿ "ಮುಂದಿನ ನಿಲ್ದಾಣ ನಾಗಸಂದ್ರ" ಅಂತ ಕೇಳಿಸಿಕೊಳ್ಳುವ ನಾವು ಸಮುದ್ರದ ದಡದಲ್ಲಿ ಇಳಿಯುತ್ತಿದ್ದೇವೆ.

ಕೆರೆ ಕಟ್ಟಿಸುವುದು ಇಲ್ಲಿ ಎಷ್ಟು ಹಳೆಯದು ಅನ್ನುವುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಹೊರವರ್ತುಲ ರಸ್ತೆಯ ಅಗರದಲ್ಲಿ ಗಂಗರ ಕಾಲದ, ಒಂಬತ್ತನೇ ಶತಮಾನದ ಶಾಸನವೊಂದಿದೆ. ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗೆ ತೂಬು ಇಡಿಸಿ, ಇನ್ನೊಂದು ಕೆರೆ ಕಟ್ಟಿಸಿ, ಅದಕ್ಕಾಗಿ ಬಿತ್ತುವಟ ಪಡೆದ ಅಂತ ಅದು ಹೇಳುತ್ತದೆ. ಕಾಡುಗೋಡಿಯ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ, 1043ರ ತಮಿಳು ಶಾಸನ ಪಟ್ಟಂದೂರು ಕೆರೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಆ ಕೆರೆಯ ಹತ್ತಿರವೇ ಈಗ ಐಟಿಪಿಎಲ್. ನನ್ನ ಗಮನ ಸೆಳೆದದ್ದು ಸಿರಿಮಯ್ಯನ ತೂಬು. ಏರಿ ಕಟ್ಟಿದರೆ ನೀರು ನಿಲ್ಲುತ್ತದೆ, ಅಷ್ಟೇ. ತೂಬು ಇದ್ದರೆ ಮಾತ್ರ ನೀರನ್ನು ಬೇಕಾದಾಗ ಬಿಡಬಹುದು, ಬೇಡವಾದಾಗ ಹಿಡಿಯಬಹುದು. ಬಿತ್ತುವಟ ಅಂದರೆ ಕೆರೆಗಾಗಿ ಬಿಟ್ಟುಕೊಟ್ಟ ಜಮೀನಿನ ಹುಟ್ಟುವಳಿ. ಸಾವಿರದ ನೂರು ವರ್ಷದ ಹಿಂದೆಯೇ ಮೇಂಟೆನೆನ್ಸ್ ಚಾರ್ಜ್ ಇತ್ತು ಅಂತಾಯಿತು.

1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಮೇಜರ್ ಸ್ಯಾಂಕಿ (ಸದಾಶಿವನಗರದ ಸ್ಯಾಂಕಿ ಕೆರೆಯವನೇ) ಸಂಸ್ಥಾನದ ಕೆರೆಗಳ ಬಗ್ಗೆ ವರದಿ ಬರೆದ. ಸೀಮೆಯ ಶೇಕಡ 60ರಷ್ಟು ನೆಲದ ಮಳೆನೀರು ಯಾವುದಾದರೊಂದು ಕೆರೆಗೆ ಸೇರುವಂತಾಗಿದೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಅಂತ ಅವನಿಗೆ ಅನ್ನಿಸಿತು. ಕೆರೆಗಳು ಒಂದರ ಕೆಳಗೊಂದು ಸರಪಳಿ. ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಮೇಲಿನದು ಒಡೆದರೆ ಕೆಳಗಿನದಕ್ಕೆ ಆಪತ್ತು. ಬೆಳ್ಳಂದೂರು ತುಂಬಿ ವರ್ತೂರಿಗೆ, ವರ್ತೂರು ತುಂಬಿ ದಕ್ಷಿಣ ಪಿನಾಕಿನಿಗೆ.

ಸರಪಳಿಯನ್ನು ರಾತ್ರಿ ಹಗಲು ಕಾಯಲು ಪ್ರತಿ ಊರಲ್ಲೂ ಒಬ್ಬ ಮನುಷ್ಯ ಇದ್ದ. ನೀರುಗಂಟಿ. ಊರಿನ ಹನ್ನೆರಡು ಆಯಗಾರರಲ್ಲಿ ಒಬ್ಬ. ತೂಬು ಎತ್ತುವವನು, ಇಳಿಸುವವನು ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವವನು ಅವನೇ. ದೊಡ್ಡ ಮಳೆಯ ಸೂಚನೆ ಸಿಕ್ಕರೆ ಕೆರೆಯಲ್ಲಿ ಜಾಗ ಮಾಡಲು ತೂಬು ಎತ್ತಬೇಕು, ಕೋಡಿಗೆ ಅಡ್ಡ ಬಿದ್ದ ಮರ-ಕಸ ತೆಗೆಯಬೇಕು, ಏರಿಯ ಮೇಲೆ ನಡೆದು ಎಲ್ಲಾದರೂ ಇಲಿ-ಹೆಗ್ಗಣದ ಬಿಲದಿಂದ ನೀರು ಜಿನುಗುತ್ತಿದೆಯಾ ನೋಡಬೇಕು. ಏರಿ ಕೆಳಗೆ ಜಿನುಗುವ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ, ಮಣ್ಣು ಬೆರೆತು ಕೆಂಪಗೆ ಬಂದರೆ ಊರಿಗೆಲ್ಲ ಕೂಗು ಹಾಕಬೇಕು. ಏರಿ ಒಳಗಿನಿಂದ ಕರಗುತ್ತಿದೆ ಅಂತ ಅದರ ಅರ್ಥ. ಇವತ್ತಿನ ಡ್ಯಾಮ್ ಎಂಜಿನಿಯರ್‌ಗಳೂ ಇದೇ ಲಕ್ಷಣ ನೋಡುತ್ತಾರೆ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಇಷ್ಟು ಕಾಳು ಅಂತ ಗೊತ್ತಿತ್ತು.

ಇದನ್ನು ಬರೆಯುವಾಗ "ಎಂಥ ಸುಂದರ ವ್ಯವಸ್ಥೆ" ಅಂತ ಬಾಯಿ ಚಪ್ಪರಿಸುವ ಆಸೆ ಆಗುತ್ತದೆ. ಬೇಡ. ಬಹಳ ಊರುಗಳಲ್ಲಿ ನೀರುಗಂಟಿ ದಲಿತ ಕೇರಿಯವನು. ಅಪ್ಪ ಮಾಡಿದ ಕೆಲಸ ಅಂತ ಮಗನೂ ಮಾಡಬೇಕು, ನಡುರಾತ್ರಿ ಸುರಿಯುವ ಮಳೆಯಲ್ಲಿ ಏರಿ ಮೇಲೆ ನಿಲ್ಲಬೇಕು. ಅವನು ನೀರು ಹಂಚುವ ಗದ್ದೆಗಳಲ್ಲಿ ಅವನದೆನ್ನುವುದು ಇದ್ದರೆ ಚೂರು ಇನಾಮು, ಅಷ್ಟೇ. ಹಿಡಿದು ಅಳೆದು ಕೊಡುವ ಕಾಳಿಗೆ ಕಣದ ಅಂಚಿನಲ್ಲಿ ಕಾಯಬೇಕು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ಅದು ನ್ಯಾಯವೇ ಆಗಿತ್ತು. ತಪ್ಪಿದ್ದು ಅದರ ನಂತರ. ಜಾತಿಯಿಂದ ಬಿಡಿಸಿದ ಆ ಕೆಲಸಕ್ಕೆ ಸಂಬಳ ಕೊಟ್ಟು, ಯಾರು ಬೇಕಾದರೂ ಸೇರಬಹುದಾದ ಹುದ್ದೆಯಾಗಿ ಉಳಿಸಿಕೊಳ್ಳಬೇಕಿತ್ತು. ಅಲ್ಲಲ್ಲಿ ರೂಢಿಯಿಂದ ಉಳಿದದ್ದು ಬಿಟ್ಟರೆ ಕೆಲಸವೇ ಹೋಯಿತು. ಕೆರೆ ಒಂದು ಇಲಾಖೆಗೆ, ಕಾಲುವೆ ಇನ್ನೊಂದಕ್ಕೆ, ಗದ್ದೆ ಬಿಲ್ಡರ್‌ಗೆ. ತೂಬಿನ ಜವಾಬ್ದಾರಿ ಯಾರ ಟೇಬಲ್ಲಿಗೂ ಹೋಗಲಿಲ್ಲ.

2022ರ ಸೆಪ್ಟೆಂಬರ್ 4ರ ರಾತ್ರಿ ನಿಮಗೆ ನೆನಪಿರಬೇಕು. 5ರ ಬೆಳಿಗ್ಗೆ ಹೊತ್ತಿಗೆ 24 ಗಂಟೆಯಲ್ಲಿ 131.6 ಮಿಲಿಮೀಟರ್ ಮಳೆ. ಈ ಅಂಕಿ ಹೇಳಿದರೆ ಏನೂ ಅನ್ನಿಸುವುದಿಲ್ಲ, ಹೀಗೆ ಲೆಕ್ಕ ಹಾಕಿ: ಒಂದು ಎಕರೆಗೆ 5.3 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ 88 ಸಲ ಬಂದು ಸುರಿದಂತೆ. ಅದಕ್ಕೂ ಮೊದಲು ಆಗಸ್ಟ್ ಪೂರ್ತಿ ಮಳೆ ಹೊಡೆದು ಗರಸಿನ ಪದರ ಗಂಟಲವರೆಗೆ ಕುಡಿದಿತ್ತು, ಕೆರೆಗಳು ತುಂಬಿದ್ದವು. ಆಗಸ್ಟ್ 30ರ ಒಂದು ದಿನದ ಪರದಾಟಕ್ಕೇ 225 ಕೋಟಿ ರೂಪಾಯಿ ನಷ್ಟ ಅಂತ ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದಿತ್ತು. ಸೆಪ್ಟೆಂಬರ್ 5ರಂದು ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ವೈಟ್‌ಫೀಲ್ಡ್ ಕಡೆ ನೀರು ನಿಂತ ರಸ್ತೆಯಲ್ಲಿ ಕಂಬ ಮುಟ್ಟಿದ ಯುವತಿಯೊಬ್ಬಳು ವಿದ್ಯುತ್ ತಗುಲಿ ಸತ್ತಳು. ವಿಚಿತ್ರ ಅಂದರೆ ಅದೇ ದಿನಗಳಲ್ಲಿ ನಲ್ಲಿಯಲ್ಲಿ ನೀರಿಲ್ಲ. ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಕಾವೇರಿ ಪಂಪ್‌ಹೌಸ್‌ಗೇ ನೆರೆ ನುಗ್ಗಿತ್ತು.

ರಸ್ತೆಯ ನೀರು ಎರಡು ಮೂರು ದಿನದಲ್ಲಿ ಇಳಿಯಿತು. ಆದರೆ ಹಲವು ಕಡೆ ಬೇಸ್‌ಮೆಂಟಿನ ನೀರು ಪಂಪ್ ಮಾಡಿದಷ್ಟೂ ಮತ್ತೆ ಬರುತ್ತಿತ್ತು. ಯಾರೋ ಕಾಲುವೆ ಒಡೆದಿದ್ದಾರೆ ಅಂತ ಬೈದಾಡಿದರು. ಸುತ್ತಲಿನ ನೆಲವೇ ತುಂಬಿರುವಾಗ ನೀವು ಗುಂಡಿ ಖಾಲಿ ಮಾಡುವುದೆಂದರೆ ತೆರೆದ ಬಾವಿಯಿಂದ ಸೇದಿದ ಹಾಗೆಯೇ. ನೀರು ಪಕ್ಕದಿಂದ ಬಂದು ಸೇರುತ್ತದೆ. ಅವಸರದಲ್ಲಿ ಪಂಪ್ ಮಾಡುವುದರಲ್ಲಿ ಬೇರೆ ಅಪಾಯಗಳೂ ಇವೆ. ಖಾಲಿ ಸಂಪು ತುಂಬಿದ ನೆಲದಲ್ಲಿ ದೋಣಿಯಂತೆ ವರ್ತಿಸುತ್ತದೆ, ಕೆಳಗಿನ ಒತ್ತಡಕ್ಕೆ ತಳದ ಕಾಂಕ್ರೀಟು ಬಿರಿಯಬಹುದು, ಹಗುರ ಟ್ಯಾಂಕಾದರೆ ಮೇಲೆದ್ದೇ ಬರಬಹುದು. ಕರೆಂಟಿನ ಅಪಾಯ ಅದಕ್ಕಿಂತ ದೊಡ್ಡದು. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟೊಂದರಲ್ಲಿ ಮಳೆನೀರು ಹೊರಹಾಕಲು ಮೋಟಾರ್ ಹಚ್ಚಲು ಹೋದ ಹಿರಿಯರೊಬ್ಬರು ಶಾಕ್ ಹೊಡೆದು ತೀರಿಕೊಂಡರು. ಜೊತೆಗೆ ಅಲ್ಲೇ ಇದ್ದ ಕೆಲಸಗಾರರ ಮನೆಯ 12 ವರ್ಷದ ಹುಡುಗನೂ ಹೋದ. ಪ್ಯಾನಲ್ಲು, ಮೀಟರು, ಜನರೇಟರನ್ನು ನೆಲಮಹಡಿಗೆ ಸಾಗಿಸುವುದು ಸೊಸೈಟಿ ಮೀಟಿಂಗಿನಲ್ಲಿ "ಮುಂದಿನ ವರ್ಷ ನೋಡೋಣ" ಅನ್ನುವ ವಿಷಯ ಅಲ್ಲ ಅಂತ ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ. ಪೀಣ್ಯದ ಶೆಡ್ಡುಗಳಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಎಚ್ಚರ ಬೇಕು. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಇದೆಯೆಂದು ಸರ್ಕಾರಿ ಅಧ್ಯಯನಗಳೇ ಹೇಳಿವೆ. ಅಂಥ ಕಡೆ ನೆಲದಿಂದ ಎದ್ದ ನೀರನ್ನು ಬರಿಗಾಲಲ್ಲಿ ತುಳಿಯುವುದು, ಪಾತ್ರೆ ತೊಳೆಯಲು ಬಳಸುವುದು ಬೇಡ.

ಹೊಸದಾಗಿ ಮನೆ ನೋಡುತ್ತಿರುವ ಗೆಳೆಯರಿಗೆ ನಾನೀಗ ಹೇಳುವುದು ಇಷ್ಟು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು, ಸೈಟಿನ ಮೇಲೆ ನಿಂತು ಸರ್ವೆ ನಂಬರ್ ನೋಡಿ. ಹಳೇ ಗ್ರಾಮ ನಕಾಶೆ ತೆಗೆದು ಕೆರೆ ಯಾವ ಕಡೆ, ಏರಿ ಯಾವ ಕಡೆ, ಕೋಡಿ ಎಲ್ಲಿತ್ತು ಅಂತ ಗುರುತಿಸಿ. ಪಹಣಿಯಲ್ಲಿ ಬಿ ಖರಾಬು ಅಂತಿದ್ದರೆ ಅದು ಸಾರ್ವಜನಿಕ ಜಾಗ, ಬಹಳ ಸಲ ಕಾಲುವೆಯೇ. ಕನ್ವರ್ಷನ್‌ಗಿಂತ ಮುಂಚಿನ ಪಹಣಿಯನ್ನೇ ಕೇಳಿ, ಏಕೆಂದರೆ ಕನ್ವರ್ಷನ್ ಆದ ದಿನ ಕಾಗದದಲ್ಲಿ ತರಿ ಹೋಗಿ "ವಸತಿ ಉದ್ದೇಶ" ಬಂದು ಕೂರುತ್ತದೆ. ತರಿ ಅಂದಮಾತ್ರಕ್ಕೆ ಮನೆ ಮುಳುಗುತ್ತದೆ ಅಂತಲ್ಲ. ಕೇಳಬೇಕಾದ ಪ್ರಶ್ನೆಗಳು ಬದಲಾಗುತ್ತವೆ: ಬೇಸ್‌ಮೆಂಟ್ ಎಷ್ಟು ಅಂತಸ್ತು, ಜಿನುಗುವ ನೀರು ಎಲ್ಲಿಗೆ ಹೋಗುತ್ತದೆ, ಕರೆಂಟ್ ಹೋದರೆ ಪಂಪ್ ಓಡಿಸುವ ಜನರೇಟರ್ ಇರುವುದೂ ಅದೇ ಬೇಸ್‌ಮೆಂಟಿನಲ್ಲೇನಾ?

ನಮಗೆ ಇಷ್ಟಾದರೂ ಆಯ್ಕೆ ಇದೆ. ದಿಣ್ಣೆಯಲ್ಲಿದ್ದ ಊರಿನವರ ಸ್ಥಿತಿ ನೋಡಿ. ಲೇಔಟಿನವರು ಗದ್ದೆಗೆ ಲಾರಿಗಟ್ಟಲೆ ಕಟ್ಟಡದ ಅವಶೇಷ ಸುರಿದು ಆರಡಿ ಎತ್ತರಿಸುತ್ತಾರೆ, ರಸ್ತೆ ಡಾಂಬರು ಹಾಕಿದ ಹಾಗೆಲ್ಲ ಏರುತ್ತದೆ. ನಾಲ್ಕಡಿ ಎತ್ತರದಲ್ಲಿದ್ದ ಗ್ರಾಮಠಾಣ ಈಗ ತಗ್ಗು. ಮೊದಲೇ ತಗ್ಗಿನ ಅಂಚಿನಲ್ಲಿ ಜಾಗ ಕೊಟ್ಟಿದ್ದ ಕೇರಿಗಳಲ್ಲಿ ಇನ್ನೂ ಮೊದಲು ನೀರು ನುಗ್ಗುತ್ತದೆ. ಅವರ ಮನೆ ಯಾವ ನ್ಯೂಸ್ ಚಾನೆಲ್‌ನ ಡ್ರೋನ್‌ಗೂ ಕಾಣುವುದಿಲ್ಲ, ಅಲ್ಲಿ ಮುಳುಗುವುದಕ್ಕೆ ಬೆಂಟ್ಲಿ ಕಾರಿಲ್ಲ.

ಇನ್ನು ನಾವು ಫ್ಲಶ್ ಮಾಡಿದ ನೀರು. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ಆ ನೀರು 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಪೈಪಿನ ಮೂಲಕ ಕೋಲಾರಕ್ಕೆ ಹೋಗುತ್ತಿದೆ. ದಿನಕ್ಕೆ 44 ಕೋಟಿ ಲೀಟರ್ ಗುರಿ, ನೂರಕ್ಕೂ ಹೆಚ್ಚು ಕೆರೆ. ಮೊದಲು ಸೇರಿದ್ದು ಲಕ್ಷ್ಮೀಸಾಗರ ಕೆರೆಗೆ, ಶುರುವಿನಲ್ಲೇ ನೊರೆ ಬಂದು ಕೆಲ ದಿನ ನಿಲ್ಲಿಸಿದ್ದರು. ನೀರಿನ ಗುಣಮಟ್ಟದ ಜಗಳ ಇನ್ನೂ ಮುಗಿದಿಲ್ಲ. ಆದರೆ ಸಾವಿರಾರು ಅಡಿ ಕೊರೆದು ಸೋತಿದ್ದ ಆ ಜಿಲ್ಲೆಯಲ್ಲಿ ಅಂತರ್ಜಲ ಏರಿದ್ದು ನಿಜ, ಪಾಳುಬಿದ್ದ ತೆರೆದ ಬಾವಿಗಳಲ್ಲಿ ನೀರು ಕಂಡದ್ದೂ ನಿಜ. ಈ ನೀರು ಇಂಗಿಸುವುದಕ್ಕೆ ಮಾತ್ರ. ಕೆರೆಗೆ ಮೋಟಾರ್ ಇಡುವಂತಿಲ್ಲ, ತೂಬು ಎತ್ತಿ ಗದ್ದೆಗೆ ಬಿಡುವಂತಿಲ್ಲ. ನಿಯಮಕ್ಕೆ ಕಾರಣವಿದೆ, ಆ ನೀರನ್ನು ನೇರವಾಗಿ ಬಳಸಬಾರದು.

ಆದರೆ ಮೊದಲು ಬೇಸಿಗೆಯಲ್ಲಿ ಒಣಗಿ, ಮುಂಗಾರಿಗೆ ಹೊಟ್ಟೆ ಖಾಲಿ ಇಟ್ಟುಕೊಂಡು ಕಾಯುತ್ತಿದ್ದ ಕೆರೆ ಈಗ ಮೇ ತಿಂಗಳಲ್ಲೂ ಅರ್ಧ ತುಂಬಿರುತ್ತದೆ. 2021ರ ನವೆಂಬರ್ ಮಳೆಗೆ ಕೋಲಾರದ ಹಲವು ಕೆರೆಗಳು ಎಷ್ಟೋ ವರ್ಷಗಳ ನಂತರ ಕೋಡಿ ಬಿದ್ದವು. ಜನ ಬಾಗಿನ ಬಿಟ್ಟು, ಗಂಗಮ್ಮನಿಗೆ ಪೂಜೆ ಮಾಡಿ ಕುಣಿದರು. ಎರಡು ದಶಕದ ಬರ ಕಂಡವರು ಕುಣಿಯದೆ ಇರುತ್ತಾರೆಯೇ? ಹೊಲಗಳಲ್ಲಿ ನೀರು ನಿಂತು ಕೊಯ್ಲಿಗೆ ಬಂದ ರಾಗಿ ಮೊಳಕೆಯೊಡೆದದ್ದೂ ಅದೇ ತಿಂಗಳು. ಕೆರೆ ಬತ್ತಿದ್ದ ವರ್ಷಗಳಲ್ಲಿ ಏರಿ ಕೆಳಗಿನ ತರಿಯಲ್ಲಿ ಮನೆಗಳು ಬಂದಿವೆ, ಕೋಡಿ ಹಳ್ಳಗಳು ಮುಚ್ಚಿಹೋಗಿವೆ, ನರಸಾಪುರ, ವೇಮಗಲ್ ಕಡೆ ಕೈಗಾರಿಕಾ ಪ್ರದೇಶಗಳು ಎದ್ದಿವೆ. ಆ ಕೆರೆಗಳಿಗೆ ನೀರು ತುಂಬಿಸಲು ಪಂಪ್ ಆಪರೇಟರ್‌ಗಳಿದ್ದಾರೆ, ಮೀಟರ್ ಇದೆ, ಗುತ್ತಿಗೆದಾರರಿದ್ದಾರೆ. ಮಳೆ ಬರುವ ಹಿಂದಿನ ರಾತ್ರಿ ಟಾರ್ಚ್ ಹಿಡಿದು ಏರಿ ಮೇಲೆ ನಡೆದು, ಕೆಳಗೆ ಜಿನುಗುವ ನೀರು ತಿಳಿಯಾಗಿದೆಯೋ ಕೆಂಪಗಿದೆಯೋ ನೋಡುವವರ ಹುದ್ದೆ ಮಾತ್ರ ಆ ಯೋಜನೆಯಲ್ಲಿ ನನಗೆ ಎಲ್ಲೂ ಕಾಣಿಸಲಿಲ್ಲ.